ನಡೆ ನಿಮ್ಮದು, ಭಾವ

ಅಕ್ಕನ ಗಂಡ ನನ್ನ ಜೊತೆ ಫೋನಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಚೆಸ್ ಆಟ ಆಡಿದ್ದಾರೆ. ಅರ್ಧಕ್ಕಿಂತ ಹೆಚ್ಚು ಸೋತಿದ್ದಾರೆ. ಒಮ್ಮೆಯೂ ಸೋಲೊಪ್ಪಿಕೊಂಡಿಲ್ಲ. ಪರದೆಯ ಕೆಳಗೆ ಪುಟ್ಟ ಬಾವುಟದ ಗುರುತಿರುವ ಒಂದು ಗುಂಡಿ ಇರುತ್ತದೆ. ಆಟ ಕೈಬಿಟ್ಟಿತೆಂದು ಗೊತ್ತಾದವರು ಅದನ್ನು ಒತ್ತಿ ಎದ್ದುಹೋಗುತ್ತಾರೆ. ಭಾವನ ಹೆಬ್ಬೆರಳು ಆ ಗುಂಡಿಯ ಹತ್ತಿರ ಹೋದದ್ದೇ ಇಲ್ಲ.

ಒಂದು ಸಲವಾದರೂ ಅವರು ಅದನ್ನು ಒತ್ತಬೇಕು ಎಂಬುದು ನನ್ನ ಆಸೆಯಾಗಿತ್ತು. ಆಸೆ ಎಂದರೆ ಸಣ್ಣ ಮಾತಾಯಿತು. ಸುಮಾರು ಎರಡು ವರ್ಷ ನಾನು ಅದೊಂದಕ್ಕಾಗಿಯೇ ಆಡಿದೆ.

ನಾನು ದೇವನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಸೂಲಿಬೆಲೆಯಲ್ಲಿ, ಅಪ್ಪ ಅಮ್ಮನ ಜೊತೆ. ಸಂಜೆ ನಾಲ್ಕು ಇಪ್ಪತ್ತರ ಬಸ್ಸು ಹತ್ತಿದ ಮೇಲೆ ಇಳಿಯುವವರೆಗಿನ ಹೊತ್ತು ಮಾತ್ರ ಯಾರೂ ನನ್ನನ್ನು ಏನೂ ಕೇಳದ ಹೊತ್ತು. ಆಗ ಚೆಸ್ ಆಡುತ್ತಿದ್ದೆ. ಯಾವ ದೇಶದವರೋ, ಯಾವ ವಯಸ್ಸಿನವರೋ ಎದುರಿಗೆ ಬರುತ್ತಿದ್ದರು. ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ, ಅದು ನನಗೆ ಹಿಡಿಸುತ್ತಿತ್ತು.

ಭಾವನಿಗೆ ನಂದಗುಡಿಯಲ್ಲಿ ಹನಿ ನೀರಾವರಿ ಪೈಪು, ಮೋಟಾರು ಮಾರುವ ಅಂಗಡಿ. ರೈತರು ಬೆಳಿಗ್ಗೆ ಬಂದು ಹೋಗುತ್ತಾರೆ, ಮಧ್ಯಾಹ್ನದ ಮೇಲೆ ಅಂಗಡಿ ಖಾಲಿ. ಅಕ್ಕನ ಮದುವೆಯಾದ ಎರಡನೆಯ ವರ್ಷ, ನಾನು ಆಡುವ ಸಂಗತಿ ಅವರ ಕಿವಿಗೆ ಬಿತ್ತು. ‘ನಾನೂ ಕಾಲೇಜಲ್ಲಿ ಚಾಂಪಿಯನ್ ಕಣಮ್ಮ. ಬಾ, ಒಂದ್ ಕೈ ನೋಡೇಬಿಡೋಣ’ ಎಂದು ಅವರೇ ಕರೆದರು. ಭಾವ ಕರೆದ ಮೇಲೆ ಇಲ್ಲ ಎನ್ನುವಂತಿರಲಿಲ್ಲ. ಅದಲ್ಲದೆ, ನಿಜ ಹೇಳಬೇಕೆಂದರೆ, ಗೆಲ್ಲುತ್ತೇನೆಂದು ಗೊತ್ತಿತ್ತು.

ನಾವು ಆಡುತ್ತಿದ್ದದ್ದು ಹತ್ತು ನಿಮಿಷದ ಆಟ. ಇಬ್ಬರಿಗೂ ತಲಾ ಹತ್ತು ನಿಮಿಷ. ನಮ್ಮ ಸರದಿ ಇರುವಾಗ ನಮ್ಮ ಗಡಿಯಾರ ಓಡುತ್ತದೆ. ಕಾಯಿ ನಡೆಸಿದ ಕೂಡಲೇ ಅದು ನಿಂತು ಎದುರಿನವರದು ಓಡುತ್ತದೆ. ಯಾರ ಗಡಿಯಾರ ಮೊದಲು ಸೊನ್ನೆ ಮುಟ್ಟುತ್ತದೋ ಅವರು ಸೋತಂತೆ. ಭಾವ ಗೆಲ್ಲುವಾಗ ಬಹಳ ಚುರುಕು. ಕಾಯಿಗಳು ಪಟಪಟ ಓಡುತ್ತಿದ್ದವು, ಜೊತೆಗೆ ನಗುವ ಮುಖಗಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘ಏನ್ ಮೇಡಂ, ನಿದ್ದೆನಾ?’ ‘ಎಮ್ಮೆಸ್ಸೀಲಿ ಇದನ್ನ ಹೇಳ್ಕೊಡ್ಲಿಲ್ವಾ?’ ಸೋಲತೊಡಗಿದರೆ ಒಮ್ಮೆಲೇ ಎಲ್ಲ ನಿಂತುಬಿಡುತ್ತಿತ್ತು. ಅವರ ಗಡಿಯಾರದಲ್ಲಿ ಏಳು ನಿಮಿಷ ಉಳಿದಿದ್ದರೆ ಆ ಏಳು ನಿಮಿಷವೂ ನಾನು ಪರದೆ ನೋಡುತ್ತ ಕೂರಬೇಕು. ಅವರು ಯೋಚಿಸುತ್ತಿಲ್ಲವೆಂದು ನನಗೆ ಗೊತ್ತು. ಅಂಗಡಿಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು ಟೀ ಕುಡಿಯುತ್ತಿದ್ದಾರೆಂದು ಗೊತ್ತು. ಆದರೂ ಕಣ್ಣು ತೆಗೆಯುವಂತಿಲ್ಲ. ಕೊನೆಯ ಹತ್ತು ಸೆಕೆಂಡಿನಲ್ಲಿ ಪಟ್ಟೆಂದು ಒಂದು ಕಾಯಿ ನಡೆಸಿಬಿಟ್ಟರೆ ನನ್ನ ಗಡಿಯಾರ ಓಡತೊಡಗುತ್ತದೆ.

ನಮ್ಮ ಬಸ್ಸಿನ ದಾರಿಯಲ್ಲಿ ಒಂದು ನೀಲಗಿರಿ ತೋಪು ಇದೆ. ಅಲ್ಲಿನ ತಿರುವಿನಿಂದ ಮುಂದಿನ ಹಳ್ಳಿಯವರೆಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಎರಡೂವರೆ, ಮೂರು ನಿಮಿಷದ ದಾರಿ. ನಮ್ಮ ಸರದಿಯಲ್ಲಿ ಸಂಪರ್ಕ ತಪ್ಪಿ ಒಂದು ನಿಮಿಷ ಕಳೆದರೆ, ಆಟ ಬಿಟ್ಟುಹೋದರು ಎಂದು ಆ ಆ್ಯಪ್ ಎದುರಾಳಿಗೆ ಗೆಲುವು ಕೊಟ್ಟುಬಿಡುತ್ತದೆ. ನಾನು ಗೆಲ್ಲುತ್ತಿದ್ದ ಆಟಗಳು ಆ ತೋಪಿನಲ್ಲಿ ಸೋಲಾಗತೊಡಗಿದವು. ಒಂದು, ಎರಡು, ಮೂರು ಸಲ ನನ್ನ ಹಣೆಬರಹ ಎಂದುಕೊಂಡೆ. ಆಮೇಲೆ ಡೈರಿಯ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳಲು ಶುರುಮಾಡಿದೆ. ಬಸ್ಸು ತೋಪಿನ ಹತ್ತಿರ ಬರುವವರೆಗೂ ಭಾವ ಕಲ್ಲಿನಂತೆ ಕೂತಿರುತ್ತಿದ್ದರು. ತಿರುವಿಗೆ ಬಂದಾಗ ಕಾಯಿ ನಡೆಸುತ್ತಿದ್ದರು. ಹನ್ನೊಂದರಲ್ಲಿ ಒಂಬತ್ತು ಸಲ ಹೀಗಾಗಿತ್ತು.

ಅವರಿಗೆ ಹೇಗೆ ಗೊತ್ತಾಯಿತು ಎಂದು ಹುಡುಕಬೇಕಾಗಿರಲಿಲ್ಲ. ನಾನೇ ಹೇಳಿದ್ದೆ. ಒಮ್ಮೆ ಅಕ್ಕ, ‘ಸಂಜೆ ಹೊತ್ತು ನಿಂಗೆ ಫೋನ್ ಮಾಡಿದ್ರೆ ಯಾವಾಗ್ಲೂ ಕಟ್ಟಾಗುತ್ತಲ್ಲೇ’ ಎಂದಾಗ, ಅವರ ಮನೆಯ ಹಾಲಿನಲ್ಲೇ ಕೂತು, ‘ನಾಲ್ಕೂ ಮುಕ್ಕಾಲಿಗೆ ಮಾಡ್ಬೇಡ ಕಣೇ, ಬಸ್ಸು ತೋಪಿನ ಹತ್ರ ಇರುತ್ತೆ’ ಎಂದಿದ್ದೆ. ಭಾವ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದರು.

ಆಟ ನಿಲ್ಲಿಸಬಹುದಿತ್ತು. ಬೇರೆ ಹೊತ್ತಿನಲ್ಲಿ ಆಡೋಣ ಎನ್ನಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಹಾಗೆ ಹೇಳಿದರೆ ಅವರ ಕುತಂತ್ರ ನನಗೆ ತಾಗಿದೆ ಎಂದು ಒಪ್ಪಿಕೊಂಡಂತೆ. ಬದಲಿಗೆ ಇನ್ನೂ ಬೇಗ ಆಡುವುದನ್ನು ಕಲಿತೆ, ತೋಪು ಬರುವುದರೊಳಗೆ ರಾಜನನ್ನು ಕಟ್ಟಿಹಾಕುವಂತೆ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಪಕ್ಕ ಫೋನಿಟ್ಟುಕೊಂಡು ಅವರ ಹಳೆಯ ಆಟಗಳನ್ನು ತೆಗೆದು ನೋಡುತ್ತಿದ್ದೆ. ಅವರು ಎಡಗಡೆಯ ಕುದುರೆಯನ್ನು ಯಾವಾಗಲೂ ಮೊದಲು ಹೊರತರುತ್ತಾರೆ, ಒಂಟೆಗಳನ್ನು ಮರೆಯುತ್ತಾರೆ, ರಾಣಿ ಹೋದರೆ ತಲೆ ಕೆಡಿಸಿಕೊಳ್ಳುತ್ತಾರೆ. ಒಬ್ಬ ಮನುಷ್ಯನನ್ನು ಅಷ್ಟು ಗಮನವಿಟ್ಟು ನಾನು ಇನ್ಯಾವ ಕಾರಣಕ್ಕೂ ನೋಡಿಲ್ಲ.

ಈ ನಡುವೆ ನಾನೂ ಒಂದು ಕೆಲಸ ಮಾಡಿದೆ. ಅದನ್ನು ಬಿಟ್ಟು ಬರೆದರೆ ಇದು ಭಾವನ ಮೇಲಿನ ದೂರು ಮಾತ್ರ ಆಗುತ್ತದೆ. ತೋಪಿನಲ್ಲಿ ಒಂದು ಒಳ್ಳೆಯ ಆಟ ಕಳೆದುಕೊಂಡ ಸಂಜೆ, ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಯಾರೋ ಅಪರಿಚಿತರ ಜೊತೆ ಆಟ ಹಚ್ಚಿದೆ. ಸಿಟ್ಟಿನಲ್ಲಿ ಕೆಟ್ಟದಾಗಿ ಆಡಿ ಇಪ್ಪತ್ತು ನಡೆಯೊಳಗೆ ಸೋಲಿನ ಅಂಚಿಗೆ ಬಂದೆ. ನನ್ನ ಗಡಿಯಾರದಲ್ಲಿ ಎಂಟು ನಿಮಿಷ ಇತ್ತು. ಫೋನನ್ನು ಕಟ್ಟೆಯ ಮೇಲಿಟ್ಟು ಬಟ್ಟೆ ಮಡಿಸತೊಡಗಿದೆ. ಎದುರಿನವರು ಇಂಗ್ಲಿಷಿನಲ್ಲಿ, ದಯವಿಟ್ಟು ಆಡಿ, ನಾನು ಕೆಲಸಕ್ಕೆ ಹೋಗಬೇಕು ಎಂದು ಬರೆದರು. ಸ್ವಲ್ಪ ಹೊತ್ತಾದ ಮೇಲೆ, ದಯವಿಟ್ಟು ಎಂಬ ಒಂದೇ ಪದ. ನಾನು ಒಂದು ಸೀರೆ, ಎರಡು ಚೂಡಿದಾರ, ಅಪ್ಪನ ನಾಲ್ಕು ಶರಟು ಮಡಿಸಿದೆ. ನನಗೆ ಹಿತವೆನಿಸಿತು. ಆ ಹಿತ ಇನ್ನೂ ನೆನಪಿದೆ. ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟ ಹಾಗೆ. ಭಾವ ಅಂಗಡಿಯಲ್ಲಿ ಕೂತು ಏನು ಅನುಭವಿಸುತ್ತಾರೆಂದು ಅವತ್ತು ತಿಳಿಯಿತು. ತಿಳಿದ ಮೇಲೆ ಅವರ ಮೇಲಿನ ಸಿಟ್ಟು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು.

ಒಂದು ದಿನ ಕಾಲೇಜಿನಲ್ಲಿ ಲ್ಯಾಬ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಕ್ಕ ಫೋನ್ ಮಾಡಿದಳು.

‘ಲೇ, ನಿನ್ನೆ ಇವ್ರ ಜೊತೆ ಆಡಿದ್ಯಾ?’

‘ಹೂಂ.’

‘ಗೆದ್ಯಾ?’

‘ಹೂಂ. ಯಾಕೆ?’

‘ಅದಕ್ಕೇ ಮತ್ತೆ. ಬಂದವ್ರೇ ಚಾಪೆ ಹಾಸ್ಕೊಂಡು ಮಲ್ಗಿಬಿಟ್ರು. ತಟ್ಟೆ ಇಟ್ರೆ ಹಸಿವಿಲ್ಲ ಅಂದ್ರು. ಬೆಳಿಗ್ಗೇನೂ ಹಂಗೇ ಹೋದ್ರು. ನೀನು ಗೆದ್ದಾಗೆಲ್ಲ ಹಿಂಗೇ ಕಣೇ. ನಾನು ಇಷ್ಟು ದಿನ ಹೇಳಿರ್ಲಿಲ್ಲ.’

‘ಉಣ್ಣದಿದ್ರೆ ಬಿಡ್ಲಿ. ಹಸಿದ್ರೆ ಅವ್ರೇ ಉಣ್ತಾರೆ.’

‘ನಂಗೂ ಹಸಿಯುತ್ತಲ್ಲ. ಅವ್ರು ಉಣ್ದೆ ನಾನ್ ಹೆಂಗೆ ಉಣ್ಲಿ? ಅತ್ತೆ ಬಾಗಿಲಲ್ಲೇ ಕೂತಿರ್ತಾರೆ.’

ಗಂಡ ಉಂಡ ಮೇಲೆ ಹೆಂಡತಿ ಉಣ್ಣುವುದು ಅವರ ಮನೆಯ ರೂಢಿ. ನಮ್ಮ ಮನೆಯಲ್ಲೂ ಅಮ್ಮ ಹಾಗೆಯೇ. ಆದರೆ ಅಪ್ಪ ಹೊತ್ತಿಗೆ ಸರಿಯಾಗಿ ಉಣ್ಣುವವರಾದ್ದರಿಂದ ಅದರ ತೂಕ ನನಗೆ ಗೊತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಗೆದ್ದ ಒಂದೊಂದು ಆಟಕ್ಕೂ ನಂದಗುಡಿಯಲ್ಲಿ ಅಕ್ಕ ಒಂದೊಂದು ಹೊತ್ತು ಹಸಿದಿದ್ದಳು.

‘ಒಂದೆರಡು ಸೋತ್ಬಿಡೇ’ ಎಂದಳು. ‘ನಿಂಗೇನ್ ಕಮ್ಮಿಯಾಗುತ್ತೆ?’

ಸೋಲುತ್ತೇನೆ ಎಂದೆ. ಎರಡು ದಿನ ಬಿಟ್ಟು ಸೋತೆ. ಆಟದ ಮಧ್ಯದಲ್ಲಿ ನನ್ನ ರಾಣಿಯನ್ನು ಅವರ ಕುದುರೆಯ ಬಾಯಿಗೆ ಇಟ್ಟೆ. ಆಡಲು ಕಲಿತ ಮೊದಲನೆಯ ವಾರದವರೂ ಮಾಡದ ತಪ್ಪು. ಭಾವ ನಲವತ್ತು ಸೆಕೆಂಡು ತೆಗೆದುಕೊಂಡರು. ಆಮೇಲೆ ರಾಣಿಯನ್ನು ತೆಗೆದರು, ಆಟ ಗೆದ್ದರು, ಕೊನೆಗೆ ಬರೆದರು: ‘ಥ್ಯಾಂಕ್ಸ್ ಮೇಡಂ. ಭಿಕ್ಷೆ ದೊಡ್ಡದಾಗೇ ಹಾಕಿದ್ರಿ.’

ಮರುದಿನ ಅಕ್ಕನ ದನಿ ಬೇರೆಯಾಗಿತ್ತು. ‘ಏನೇ ಮಾಡ್ದೆ ನೀನು? ತಂಗಿ ಹತ್ರ ಹೋಗಿ ಬೇಡ್ಕೊಂಡ್ಯಾ, ನನ್ನ ಮರ್ಯಾದೆ ಹರಾಜು ಹಾಕಿದ್ಯಾ ಅಂತ ಬೆಳಿಗ್ಗೆಯಿಂದ ಒಂದೇ ಸಮ. ನೀನು ಗೆದ್ದಾಗ್ಲಾದ್ರೂ ಬಾಯ್ ಮುಚ್ಕೊಂಡಿರ್ತಿದ್ರು.’

‘ನೀನೇ ಸೋಲು ಅಂದೆಯಲ್ಲ.’

‘ಅಂದೆ’ ಎಂದು ಫೋನ್ ಇಟ್ಟಳು.

ಆಮೇಲೆ ಭಾವ ಹೊಸ ಕಥೆ ಕಟ್ಟಿದರು. ನಾನು ಕಂಪ್ಯೂಟರ್ ಹೇಳಿಕೊಟ್ಟಂತೆ ಆಡುತ್ತೇನೆ ಎಂದು. ಅದು ಚೆಸ್ ಆಡುವವರಿಗೆ ಹೊಡೆಯಬಹುದಾದ ಅತಿ ಕೀಳಾದ ಏಟು. ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಅಪ್ಪನ ಪಕ್ಕ ಕೂತು, ನನಗೆ ಕೇಳುವಷ್ಟು ಜೋರಾಗಿ ಹೇಳಿದರು: ‘ನಮ್ಮ ಲೆಕ್ಚರರಮ್ಮಂಗೆ ಹಿಂದುಗಡೆಯಿಂದ ಯಾರೋ ಹೇಳ್ಕೊಡ್ತಾರೆ ಮಾವ. ಕಂಪ್ಯೂಟರ್ ಮಹಾಶಯರು. ಇಲ್ದಿದ್ರೆ ಬಸ್ಸಲ್ಲಿ ಜೋತಾಡ್ಕೊಂಡು ಯಾರಿಗಾದ್ರೂ ಅಷ್ಟು ತಲೆ ಓಡುತ್ತಾ?’

ಅಪ್ಪ ನಕ್ಕರು. ಅಳಿಯ ಹೇಳಿದ ಮಾತಿಗೆ ಮಾವ ನಗಲೇಬೇಕು ಎಂಬಂತಹ ನಗು. ಮನೆಗೆ ಬಂದ ಮೇಲೆ, ‘ಹೌದೇನಮ್ಮ?’ ಎಂದು ಕೇಳಿದರು.

‘ಒಂದ್ ಕೈಲಿ ಕಂಬಿ, ಒಂದ್ ಕೈಲಿ ಫೋನು. ಕಂಪ್ಯೂಟರ್ ಎಲ್ಲಿ ಇಟ್ಕೊಳ್ಳಲಿ ಅಪ್ಪ, ತಲೆ ಮೇಲಾ?’

‘ತಮಾಷೆಗೆ ಹೇಳಿದ್ರು ಬಿಡು.’

ತಮಾಷೆಯಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಅವರು ಕೇಳಿದರಲ್ಲ, ಹೌದೇನಮ್ಮ ಎಂದು, ಅದು ನನ್ನಲ್ಲಿ ಉಳಿಯಿತು. ಅವತ್ತೇ ಭಾವನಿಗೆ ಸಂದೇಶ ಕಳಿಸಿದೆ: ‘ಫೋನ್ ಇಲ್ಲದೆ ಆಡೋಣ.’ ಉತ್ತರ ಕೂಡಲೇ ಬಂತು: ‘ಹೊಸತೊಡಕಿಗೆ ಬರ್ತೀವಲ್ಲ. ಎಲ್ಲರ ಮುಂದೆ ಕೂತ್ಕೊಳ್ಳೋಣ. ಬೋರ್ಡ್ ನಾನೇ ತರ್ತೀನಿ.’

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡೂಟ, ಗಂಡಸರಿಗೆ ಇಸ್ಪೀಟು, ಮಗಳು ಅಳಿಯನಿಗೆ ಕರೆ. ಬೀದಿಯವರು ಸೇರಿ ಮೇಕೆ ಕಡಿಸಿ, ಗುಡ್ಡೆ ಹಾಕಿ ಹಂಚಿಕೊಂಡ ಬಾಡನ್ನು ಅಪ್ಪ ಏಳು ಗಂಟೆಗೇ ತಂದಿದ್ದರು. ಅಕ್ಕ ಭಾವ ಒಂಬತ್ತಕ್ಕೆ ಬಂದರು. ಅಕ್ಕ ಚೀಲ ಇಟ್ಟು ನೇರ ಅಡುಗೆಮನೆಗೆ ಹೋದಳು. ಭಾವ ಹೊಸ ಚೆಸ್ ಬೋರ್ಡನ್ನು ಪ್ಲಾಸ್ಟಿಕ್ ಹಾಳೆ ಸಮೇತ ಹಾಲಿನ ನಡುವೆ ಚಾಪೆಯ ಮೇಲಿಟ್ಟು, ‘ಮೇಡಂ ಫೋನನ್ನ ಅತ್ತೆ ಕೈಗೆ ಕೊಡ್ಲಿ’ ಎಂದರು. ಕೊಟ್ಟೆ. ‘ಹಾಗಾದ್ರೆ ಟೈಮ್ ಹೇಗೆ ನೋಡೋದು ಭಾವ?’ ಎಂದೆ. ‘ಫೋನ್ ಬೇಡ ಅಂತ ತಾನೆ ಮಾತಾಗಿದ್ದು? ಟೈಮ್ ಯಾಕೆ, ನಾವೇನ್ ಬಸ್ ಹಿಡೀಬೇಕಾ?’ ಎಂದು ನಕ್ಕರು.

ಬಲೆ ಎಲ್ಲಿದೆ ಎಂದು ನನಗೆ ಆಗಲೇ ಕಂಡಿತು. ಕಂಡರೂ ಕೂತೆ.

ಹನ್ನೊಂದಕ್ಕೆ ಶುರುವಾಯಿತು. ಹೊರಗೆ ಶೀಟಿನ ನೆರಳಿನಲ್ಲಿ ದೊಡ್ಡಪ್ಪ ಮತ್ತು ಅಕ್ಕಪಕ್ಕದವರು ಇಸ್ಪೀಟಿಗೆ ಕೂತಿದ್ದರು. ಅಪ್ಪ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದರು. ನಾನು ಎಂದಿಗಿಂತ ನಿಧಾನವಾಗಿ ಆಡಿದೆ. ಒಂಟೆಗಳನ್ನು ಅವರು ಮರೆಯುತ್ತಾರೆ ಎಂದು ಗೊತ್ತಿತ್ತು, ಮರೆತರು. ಹನ್ನೆರಡೂ ಕಾಲಿಗೆ ಒಂದು ಆನೆ ಹೋಯಿತು. ಹನ್ನೆರಡೂ ಮುಕ್ಕಾಲಿಗೆ ರಾಣಿ ಹೋಯಿತು. ಒಂದು ಗಂಟೆಯ ಹೊತ್ತಿಗೆ ಅವರ ರಾಜ ಮೂಲೆಯಲ್ಲಿ ನಿಂತಿದ್ದ, ಅವನಿಗೆ ಹೋಗಲು ಒಂದೇ ಮನೆ ಇತ್ತು, ಅಲ್ಲಿಗೆ ಹೋದರೆ ಮುಂದಿನ ನಡೆಗೆ ಆಟ ಮುಗಿಯುತ್ತಿತ್ತು. ಬೇರೆ ಯಾವ ನಡೆಯೂ ಅವರಿಗೆ ಇರಲಿಲ್ಲ.

ಭಾವ ಕೈಯನ್ನು ಮೊಣಕಾಲ ಮೇಲಿಟ್ಟು, ಬೋರ್ಡನ್ನು ನೋಡುತ್ತ ಕೂತರು.

ಅಷ್ಟರಲ್ಲಿ ಒಳಗೆ ಅಡುಗೆ ಮುಗಿದಿತ್ತು. ಅಮ್ಮ ಹಾಲಿನ ಗೋಡೆಯ ಉದ್ದಕ್ಕೂ ಎಲೆ ಹಾಕಿ ನೀರು ಚಿಮುಕಿಸಿದರು. ಮೊದಲ ಎಲೆ ಅಳಿಯನದು. ಅಳಿಯ ಕೂತು ಕೈ ಹಚ್ಚುವವರೆಗೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ದೊಡ್ಡಪ್ಪನೂ ಸೇರಿ.

‘ಊಟಕ್ಕೇಳಿ’ ಎಂದರು ಅಮ್ಮ.

‘ಬಂದೆ ಅತ್ತೆ. ಒಂದ್ ನಡೆ ಯೋಚ್ನೆ ಮಾಡ್ತಿದ್ದೀನಿ.’

ಹೊರಗಿನವರು ಇಸ್ಪೀಟು ಮಡಿಸಿಟ್ಟು ಕೈಕಾಲು ತೊಳೆದು ಬಂದು ನಿಂತರು. ಹತ್ತು ನಿಮಿಷ ಕಳೆಯಿತು. ಅಕ್ಕ ಅಡುಗೆಮನೆಯಿಂದ, ‘ಮುದ್ದೆ ಕಟ್ತಾ ಇದೀನಿ, ಕೂತ್ಕೊಳ್ಳಿ’ ಎಂದು ಕೂಗಿದಳು. ಇನ್ನೂ ಹತ್ತು ನಿಮಿಷ ಕಳೆಯಿತು. ಮುದ್ದೆಯನ್ನು ಬಿಸಿಯಲ್ಲೇ ಉಣ್ಣಬೇಕು; ಆರಿದರೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅದು ಕೂಡಿದ್ದ ಎಲ್ಲರಿಗೂ ಗೊತ್ತು, ಭಾವನಿಗೂ ಗೊತ್ತು.

ದೊಡ್ಡಪ್ಪ ಬಂದು ಬೋರ್ಡಿನ ಮೇಲೆ ಬಗ್ಗಿದರು. ‘ಏನಪ್ಪಾ ಅಳಿಯ, ಮೇಕೆ ಸತ್ತು ಆರು ಗಂಟೆ ಆಯ್ತು. ನಿನ್ನ ರಾಜ ಇನ್ನೂ ಸಾಯ್ಲಿಲ್ವಲ್ಲ?’

ಎಲ್ಲರೂ ನಕ್ಕರು. ಭಾವನೂ ನಕ್ಕರು. ನಕ್ಕು ಮತ್ತೆ ಬೋರ್ಡು ನೋಡಿದರು. ಅವರ ಕಿವಿಯ ತುದಿ ಕೆಂಪಾಗಿತ್ತು.

ಅಮ್ಮ ನನ್ನ ಹಿಂದೆ ಬಂದು ಬಗ್ಗಿ, ‘ಡ್ರಾ ಅನ್ನೇ’ ಎಂದು ಪಿಸುಗುಟ್ಟಿದರು.

‘ಆಗಲ್ಲಮ್ಮ.’

‘ಯಾಕಾಗಲ್ಲ? ಇಬ್ರೂ ಒಪ್ಕೊಂಡ್ರೆ ಆಗುತ್ತೆ ಅಂತ ನೀನೇ ಹೇಳಿದ್ದೆ.’

‘ನಾನು ಒಪ್ಪಲ್ಲ.’

ಅಪ್ಪ ಬಾಗಿಲ ಹತ್ತಿರ ನಿಂತು, ‘ಹಬ್ಬದ ದಿನ ಕಣಮ್ಮ’ ಎಂದರು. ಮಾತು ನನಗೆ, ಕಣ್ಣು ಅಳಿಯನ ಕಡೆಗೆ. ಮನೆಯವರೆಲ್ಲ ಹಸಿದು ನಿಂತಿದ್ದರು, ಅದಕ್ಕೆ ಕಾರಣ ನಾನು ಎಂಬಂತೆ ನೋಡುತ್ತಿದ್ದರು. ಕೂತಿರುವವರು ಭಾವ, ಏಳಬೇಕಾದವಳು ನಾನು. ಇಷ್ಟು ದಿನ ಫೋನಿನೊಳಗೆ ನಡೆಯುತ್ತಿದ್ದದ್ದು ಈಗ ಇಡೀ ಮನೆಯ ಮೇಲೆ ನಡೆಯುತ್ತಿತ್ತು. ಈಗ ಎದ್ದರೆ ಅಕ್ಕನಿಗೆ ಇವತ್ತಿನ ಊಟ ಸಿಗುತ್ತದೆ ಎಂದು ಯೋಚಿಸಿದೆ. ಈಗ ಎದ್ದರೆ ಕಂಪ್ಯೂಟರ್ ಕಥೆ ನಿಜವಾಗುತ್ತದೆ ಎಂದೂ ಯೋಚಿಸಿದೆ. ಎರಡನೆಯದು ಮೊದಲನೆಯದನ್ನು ಸುಲಭವಾಗಿ ಹಿಂದೆ ತಳ್ಳಿತು.

‘ನಡೆ ನಿಮ್ಮದು, ಭಾವ’ ಎಂದೆ.

‘ಗೊತ್ತು’ ಎಂದರು.

ಅಕ್ಕ ಹೊರಗೆ ಬಂದಳು. ಕೈಗೆ ರಾಗಿ ಹಿಟ್ಟು ಮೆತ್ತಿತ್ತು, ಹಣೆ ಬೆವೆತಿತ್ತು. ಅವಳಿಗೆ ಚೆಸ್ ಬರುವುದಿಲ್ಲ. ಬೋರ್ಡನ್ನು ನೋಡಿದಳು, ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

‘ಯಾರು ಗೆದ್ರು?’

‘ಇನ್ನೂ ಮುಗ್ದಿಲ್ಲ’ ಎಂದರು ಭಾವ.

‘ಯಾವಾಗ ಮುಗಿಯುತ್ತೆ?’

‘ಯೋಚ್ನೆ ಮಾಡ್ತಿದ್ದೀನಿ ಅಂದ್ನಲ್ಲ. ಒಳಗೆ ಹೋಗು.’

ಅವಳು ಒಳಗೆ ಹೋದಳು. ಮುದ್ದೆಯ ತಟ್ಟೆ, ಸಾರಿನ ಪಾತ್ರೆ ಎರಡನ್ನೂ ಹಿಡಿದು ಬಂದಳು. ಮೊದಲ ಎಲೆಯ ಮುಂದೆ, ಅಳಿಯನ ಎಲೆಯ ಮುಂದೆ, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ತನಗೆ ತಾನೇ ಒಂದು ಮುದ್ದೆ ಹಾಕಿಕೊಂಡಳು, ಸಾರು ಬಿಟ್ಟುಕೊಂಡಳು, ಎರಡು ಮೂಳೆ ಹುಡುಕಿ ಹಾಕಿಕೊಂಡಳು. ಯಾರ ಮುಖವನ್ನೂ ನೋಡದೆ ಉಣ್ಣತೊಡಗಿದಳು.

ಅಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡರು.

‘ಏನೇ ಇದು?’ ಎಂದರು ಭಾವ.

‘ಹಸಿವಾಯ್ತು’ ಎಂದಳು ಅಕ್ಕ. ಬಾಯಲ್ಲಿ ತುತ್ತಿತ್ತು. ‘ನೀವು ಯೋಚ್ನೆ ಮಾಡಿ.’

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ‘ಸರಿ ಮತ್ತೆ, ಮಗು ಕೂತಾಯ್ತು’ ಎಂದು ಅವಳ ಪಕ್ಕದ ಎಲೆಗೆ ಕೂತರು. ಅವರ ಹಿಂದೆ ಉಳಿದವರು. ಅಮ್ಮ ಬಡಿಸಲು ಓಡಿದರು. ಅಪ್ಪ ಮಾತ್ರ ಬಾಗಿಲಲ್ಲೇ ನಿಂತಿದ್ದರು. ಅಳಿಯ ಉಣ್ಣದೆ ಅವರು ಕೂರಲಿಲ್ಲ.

ನಾನೂ ಏಳಲಿಲ್ಲ. ನನ್ನ ಬೆನ್ನ ಹಿಂದೆ ಅವರೆಲ್ಲ ಸಾರು ಸೊರ್ರೆಂದು ಹೀರುವ ಸದ್ದು ಕೇಳುತ್ತ, ಭಾವನ ಎದುರು ಕೂತಿದ್ದೆ. ಅವರು ನನಗೆ ಮಾತ್ರ ಕೇಳುವಂತೆ, ‘ಖುಷಿನಾ?’ ಎಂದರು. ಖುಷಿಯಾಗಿತ್ತು.

ಐದು ನಿಮಿಷದ ಮೇಲೆ, ಕಾಲು ಜೋಮು ಹಿಡಿಯಿತು ಎಂದು ಅವರು ಎದ್ದು ಅಂಗಳಕ್ಕೆ ಹೋದರು. ರಾಜನನ್ನು ಮುಟ್ಟಲಿಲ್ಲ, ಸೋತೆ ಎನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಅಪ್ಪ ಕರೆತಂದು ಕೂರಿಸಿದರು. ಮುದ್ದೆ ಆರಿ ಕಲ್ಲಾಗಿತ್ತು, ಅಕ್ಕ ಬೇರೆ ಕಟ್ಟಲಿಲ್ಲ. ಅಮ್ಮ ಅನ್ನ ಬಡಿಸಿದರು. ಮಾವ ಅಳಿಯ ಇಬ್ಬರೇ ಕೂತು ಉಂಡರು.

ಹಿತ್ತಲಲ್ಲಿ ಅಕ್ಕ ಪಾತ್ರೆಗೆ ನೀರು ಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬೂದಿ ಹಚ್ಚತೊಡಗಿದೆ. ಅವಳು ನನ್ನ ಪರವಾಗಿ ಮಾಡಿದಳು ಎಂದುಕೊಂಡಿದ್ದೆ. ಅದನ್ನೇ ಹೇಳಿದೆ, ಬಹಳ ಒಳ್ಳೆ ಕೆಲಸ ಮಾಡಿದೆ ಎಂದೆ.

‘ನಿನ್ನ ಪರವಾಗಿ ಯಾರು ಮಾಡಿದ್ರು?’ ಅವಳು ತಲೆಯೆತ್ತಲಿಲ್ಲ. ‘ಇಬ್ರೂ ಸೇರ್ಕೊಂಡು ಇಡೀ ಮನೇನ ಉಪವಾಸ ಕೂರ್ಸಿದ್ರಿ.’

‘ನಾನೇನೇ ಮಾಡ್ದೆ? ಅವ್ರು ತಾನೆ ಕೂತಿದ್ದು? ನಿನಗೋಸ್ಕರ ನಾನು ಒಂದ್ ಸಲ ಬೇಕು ಅಂತ್ಲೇ ಸೋತಿಲ್ವಾ?’

‘ಸೋತೆ. ಅವ್ರಿಗೆ ಗೊತ್ತಾಗೋ ಹಂಗೆ ಸೋತೆ.’ ಈಗ ನನ್ನ ಮುಖ ನೋಡಿದಳು. ‘ಗೊತ್ತಾಗ್ದೆ ಇರೋ ಹಂಗೆ ಸೋಲೋಕೆ ನಿಂಗೆ ಬರ್ತಿರ್ಲಿಲ್ವಾ? ಅಷ್ಟು ಬುದ್ಧಿವಂತೆ ನೀನು. ಸಣ್ಣದೊಂದು ತಪ್ಪು ಮಾಡಿ ಸೋಲ್ಬಹುದಿತ್ತು. ರಾಣೀನೇ ಎತ್ಕೊಟ್ಯಂತೆ. ಅವ್ರೇ ಹೇಳಿದ್ರು. ನಂಗೆ ಚೆಸ್ ಬರಲ್ಲ, ಆದ್ರೆ ಯಾಕೆ ಹಂಗೆ ಮಾಡ್ದೆ ಅನ್ನೋದು ಗೊತ್ತಾಗುತ್ತೆ.’

ನಾನು ಬೂದಿ ಉಜ್ಜುತ್ತಲೇ ಇದ್ದೆ. ಗೊತ್ತಾಗದಂತೆ ಸೋಲುವುದು ನನಗೆ ಚೆನ್ನಾಗಿ ಬರುತ್ತಿತ್ತು. ಕಾಲಾಳು ಒಂದನ್ನು ಹತ್ತು ನಡೆ ಮೊದಲೇ ತಪ್ಪು ಮನೆಗೆ ತಳ್ಳಿದ್ದರೆ ಸಾಕಿತ್ತು, ಭಾವ ತಮ್ಮ ಸ್ವಂತ ಬುದ್ಧಿಯಿಂದ ಗೆದ್ದೆ ಎಂದು ನಂಬಿ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಅಕ್ಕನೂ ಉಣ್ಣುತ್ತಿದ್ದಳು. ಬಸ್ಸಿನಲ್ಲಿ ರಾಣಿಯನ್ನು ಕುದುರೆಯ ಬಾಯಿಗೆ ಇಡುವಾಗ ಆ ಇನ್ನೊಂದು ದಾರಿಯೂ ನನ್ನ ಕಣ್ಣ ಮುಂದೆ ಇತ್ತು.

‘ಆಡೋದಾದ್ರೆ ಆಡು, ಬಿಡೋದಾದ್ರೆ ಬಿಡು’ ಎಂದಳು. ‘ನನ್ನ ಹೆಸರು ಹೇಳ್ಕೊಂಡು ಆಡ್ಬೇಡ. ನನ್ನ ಊಟ ನಾನು ನೋಡ್ಕೋತೀನಿ.’

ಅಂಗಳದಲ್ಲಿ ಭಾವ ಬೈಕಿನ ಹಾರ್ನ್ ಹೊಡೆದರು. ಅಕ್ಕ ಉಳಿದ ಪಾತ್ರೆಯನ್ನೂ ತೊಳೆದು ಬೋರಲು ಹಾಕಿದಳು. ಎರಡನೆಯ ಸಲ ಹಾರ್ನ್ ಆಯಿತು. ಅಮ್ಮ ಡಬ್ಬಿಗೆ ತುಂಬಿಕೊಟ್ಟ ಸಾರನ್ನು ಚೀಲದಲ್ಲಿ ನೆಟ್ಟಗೆ ಇಟ್ಟುಕೊಂಡು, ಕುಂಕುಮ ಹಚ್ಚಿಸಿಕೊಂಡು, ದೊಡ್ಡಪ್ಪನ ಹತ್ತಿರ ಎರಡು ಮಾತಾಡಿ, ಆಮೇಲೆ ಹೋದಳು. ಬೋರ್ಡು ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮ ಚಾಪೆ ಸುತ್ತುವಾಗ ಕಾಯಿಗಳನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದರು.

ಹದಿನೈದು ದಿನ ಭಾವ ಆಟಕ್ಕೆ ಕರೆಯಲಿಲ್ಲ. ಹದಿನಾರನೆಯ ದಿನ, ಕಾಲೇಜಿನಲ್ಲಿ ನನಗೆ ಕೊನೆಯ ಪಿರಿಯಡ್ ಬಿಡುವಿದ್ದಾಗ, ಫೋನಿನಲ್ಲಿ ಅವರ ಕರೆ ಕಾಣಿಸಿತು: ಹತ್ತು ನಿಮಿಷದ ಆಟ. ಒಪ್ಪಲ್ಲ ಎಂಬ ಗುಂಡಿಯೂ ಪಕ್ಕದಲ್ಲೇ ಇತ್ತು. ಒಪ್ಪಿಕೊಂಡೆ. ಇಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಮೂವತ್ತೊಂದು ನಡೆಯೊಳಗೆ ಅವರು ಸೋಲಿನ ಅಂಚಿಗೆ ಬಂದಿದ್ದರು. ಅವರ ಗಡಿಯಾರದಲ್ಲಿ ಆರು ನಿಮಿಷ ಹನ್ನೆರಡು ಸೆಕೆಂಡು ಇತ್ತು. ಅದು ಓಡಲು ಶುರುವಾಯಿತು.

ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಮಕ್ಕಳ ಲ್ಯಾಬ್ ರೆಕಾರ್ಡುಗಳನ್ನು ಎಳೆದುಕೊಂಡೆ. ಮೂರು ರೆಕಾರ್ಡು ತಿದ್ದಿ ಮುಗಿಸುವುದರೊಳಗೆ ಸಮಯ ಸೊನ್ನೆಯಾಯಿತು. ಗೆದ್ದಿರಿ ಎಂದು ಪರದೆ ಹೇಳಿತು. ಇವತ್ತು ಸಂಜೆ ನಂದಗುಡಿಯಲ್ಲಿ ಏನಾಗುತ್ತದೆ, ಅಕ್ಕನಿಗೆ ಫೋನ್ ಮಾಡಿ ಕೇಳೋಣ ಎಂದು ಅವಳ ಹೆಸರನ್ನು ಪರದೆಗೆ ತಂದೆ. ಕೇಳುವ ಹಕ್ಕನ್ನು ಅವಳು ನನ್ನಿಂದ ಕಿತ್ತುಕೊಂಡಿದ್ದಳು. ಫೋನನ್ನು ಪಕ್ಕಕ್ಕಿಟ್ಟು ನಾಲ್ಕನೆಯ ರೆಕಾರ್ಡು ತೆರೆದೆ. ಅದರಲ್ಲಿ ಟೈಟ್ರೇಷನ್ ಲೆಕ್ಕ ತಪ್ಪಾಗಿತ್ತು, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.